ಜರ್ಮನ್–ಇಂಗ್ಲಿಷ್ ಕ್ಯಾನ್ಸರ್ ಪದಪಟ್ಟಿ: ಎಲ್ಲಿಂದ ಶುರು, ಎಲ್ಲಿ ಎಡವು

ಪ್ರಶ್ನೆ: ಜರ್ಮನ್ ಭಾಷೆಯಲ್ಲಿ ಸಿ1 ಹಂತ ಮುಗಿಸಿದ್ದೇನೆ. ಇಲ್ಲಿಯವರೆಗೆ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷ್‌ನಿಂದ ಜರ್ಮನ್‌ಗೆ, ಜರ್ಮನ್‌ನಿಂದ ಇಂಗ್ಲಿಷ್‌ಗೆ ಅನುವಾದ ಮಾಡಿದ್ದೇನೆ. ಈಗ ಒಂದು ಏಜೆನ್ಸಿಯವರು ಕ್ಯಾನ್ಸರ್ ರೋಗಿಗಳ ಆಸ್ಪತ್ರೆ ವರದಿಗಳನ್ನೂ ರೋಗಿಗಳಿಗೆ ಹಂಚುವ ಮಾಹಿತಿ ಹಾಳೆಗಳನ್ನೂ ಕೊಡುತ್ತೇವೆ ಅನ್ನುತ್ತಿದ್ದಾರೆ. ನಿಘಂಟು ತೆರೆದರೆ ಒಂದೊಂದು ಪದಕ್ಕೂ ಮೂರು ನಾಲ್ಕು ಅರ್ಥ. ಯಾವುದನ್ನು ಆರಿಸಬೇಕು? ನನ್ನದೇ ಪದಪಟ್ಟಿ ಕಟ್ಟಿಕೊಳ್ಳಲು ಎಲ್ಲಿಂದ ಶುರು ಮಾಡಲಿ?

ಉತ್ತರ: ಅಕಾರಾದಿಯಾಗಿ ಪದ ಕಲೆಹಾಕುವ ಕೆಲಸವನ್ನು ಮಾತ್ರ ಮೊದಲು ಹಿಡಿಯಬೇಡಿ. ಈ ಕ್ಷೇತ್ರದಲ್ಲಿ ಉದ್ದನೆಯ ಪದಗಳು ಹೆದರಿಸುತ್ತವೆ, ಆದರೆ ಕೈಕೊಡುವುದು ಕಡಿಮೆ. ಅವನ್ನು ಯಾರಾದರೂ ನಿಘಂಟಿನಲ್ಲಿ ಹುಡುಕಿಯೇ ಹುಡುಕುತ್ತಾರೆ. ಅನಾಹುತ ಆಗುವುದು ಯಾರೂ ಹುಡುಕದ ಕಡೆ: ಎರಡಕ್ಷರದ ಸಂಕ್ಷೇಪಗಳು, ಗುರುತಿನಂತೆ ಕಾಣುವ ಪರಿಚಿತ ಪದಗಳು, ಒಂದು ಅಲ್ಪವಿರಾಮ. ಉತ್ತರದ ಹೆಚ್ಚಿನ ಭಾಗ ಅವುಗಳಿಗೇ ಹೋಗುತ್ತದೆ. ಜರ್ಮನ್ ಪದಗಳನ್ನು ಇಲ್ಲಿ ಆದಷ್ಟು ಉಚ್ಚಾರಣೆಯಂತೆ ಬರೆದಿದೆ.

ನಿಘಂಟು ಒಂದು ರೋಗಕ್ಕೆ ಹಲವು ಹೆಸರು ಕೊಡುವುದಕ್ಕೆ ಕಾರಣವಿದೆ. ಜರ್ಮನ್‌ನಲ್ಲಿ ವೈದ್ಯಕೀಯ ಪದಗಳು ಎರಡು ಪದರಗಳಲ್ಲಿವೆ. ಜನ ಆಡುವುದು ಅಚ್ಚ ಜರ್ಮನ್ ಸಮಾಸ, ವೈದ್ಯರು ಬರೆಯುವುದು ಲ್ಯಾಟಿನ್–ಗ್ರೀಕ್ ಮೂಲದ ಪದ. ಮೇದೋಜೀರಕದ ಕ್ಯಾನ್ಸರ್ ಮನೆಮಾತಿನಲ್ಲಿ ‘ಬೌಖ್‌ಶ್ಪೈಖೆಲ್‌ಡ್ರ್ಯೂಸೆನ್‌ಕ್ರೇಬ್ಸ್’, ಆಸ್ಪತ್ರೆ ಕಡತದಲ್ಲಿ ‘ಪಾಂಕ್ರೆಯಾಸ್‌ಕಾರ್ಟ್ಸಿನೋಮ್’. ಗರ್ಭಕೊರಳಿನ ಕ್ಯಾನ್ಸರ್ ‘ಗೆಬೇರ್‌ಮುಟರ್‌ಹಾಲ್ಸ್‌ಕ್ರೇಬ್ಸ್’ ಕೂಡ ಹೌದು, ‘ಟ್ಸೆರ್ವಿಕ್ಸ್‌ಕಾರ್ಟ್ಸಿನೋಮ್’ ಕೂಡ ಹೌದು. ಇಂಗ್ಲಿಷ್‌ನಲ್ಲಿ ರೋಗಿಯೂ ವೈದ್ಯರೂ ‘ಸರ್ವೈಕಲ್ ಕ್ಯಾನ್ಸರ್’ ಅಂದುಬಿಡುತ್ತಾರೆ. ಹಾಗಾಗಿ ಇಂಗ್ಲಿಷ್‌ನಿಂದ ಜರ್ಮನ್‌ಗೆ ಹೋಗುವಾಗ ಪ್ರತಿ ಸಲವೂ ಆಯ್ಕೆ ಮಾಡಬೇಕು, ತಿರುಗಿ ಬರುವಾಗ ಎರಡೂ ಒಂದೇ ಪದದಲ್ಲಿ ಸೇರುತ್ತವೆ. ಆಯ್ಕೆಗೆ ಕೇಳಿಕೊಳ್ಳಬೇಕಾದ್ದು ಒಂದೇ: ಇದನ್ನು ಓದುವವರು ಯಾರು? ರೋಗಿಯ ಹಾಳೆಗೆ ಜನರ ಮಾತು, ವರದಿಗೆ ವೈದ್ಯರ ಮಾತು. ಮಾಹಿತಿ ಹಾಳೆಯಲ್ಲಿ ರೋಗದ ಹೆಸರು ಮೊದಲ ಸಲ ಬಂದಾಗ ಎರಡನ್ನೂ ಕೊಡುವುದು ಒಳ್ಳೆಯ ಪದ್ಧತಿ. ರೋಗಿ ಆ ಹಾಳೆಯನ್ನೂ ತನ್ನ ವರದಿಯನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದುವುದು, ಎರಡರಲ್ಲಿ ಎರಡು ಹೆಸರಿದ್ದರೆ ತನಗೆ ಎರಡು ರೋಗವೆಂದೇ ಗಾಬರಿ ಬೀಳುವವರಿದ್ದಾರೆ.

ಪದಪಟ್ಟಿಯ ಮೊದಲ ಸಾಲುಗಳು ‘ಕ್ಯಾನ್ಸರ್’ ಎಂಬ ಪದದ ಸುತ್ತಲೇ ಇರಲಿ. ಇಂಗ್ಲಿಷ್‌ನ ‘ಕ್ಯಾನ್ಸರ್’ ದೊಡ್ಡ ಕೊಡೆ. ಸಾರ್ಕೋಮಾ, ಲುಕೇಮಿಯಾ, ಲಿಂಫೋಮಾ ಎಲ್ಲ ಅದರಡಿ ಬರುತ್ತವೆ. ‘ಕಾರ್ಟ್ಸಿನೋಮ್’ ಎಂದರೆ ಎಪಿಥೀಲಿಯಲ್ ಅಂಗಾಂಶದಿಂದ, ಅಂದರೆ ಅಂಗಗಳ ಹೊದಿಕೆಯ ಪದರದಿಂದ, ಹುಟ್ಟಿದ್ದು ಮಾತ್ರ. ಸ್ತನ ಕ್ಯಾನ್ಸರ್‌ಗೆ ‘ಮಾಮಾಕಾರ್ಟ್ಸಿನೋಮ್’ ಹಾಕಿ ಅಭ್ಯಾಸವಾದವರು ಅದೇ ಭರದಲ್ಲಿ ಮೂಳೆಯ ಸಾರ್ಕೋಮಾ ಇರುವ ವಾಕ್ಯದಲ್ಲೂ ‘ಕಾರ್ಟ್ಸಿನೋಮ್’ ಬರೆದುಬಿಡುತ್ತಾರೆ. ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನೂ ಒಳಗೊಳ್ಳುವ ವಾಕ್ಯವಾದರೆ ವೈದ್ಯರಿಗೆ ‘ಮಾಲಿಗ್ನೋಮ್’, ಉಳಿದವರಿಗೆ ‘ಕ್ರೇಬ್ಸ್‌ಎರ್‌ಕ್ರಾಂಕುಂಗ್’ ಸರಿಹೋಗುತ್ತದೆ. ‘ಟೂಮೊರ್’ ಎರಡೂ ಭಾಷೆಗಳಲ್ಲಿ ಗಡ್ಡೆ ಅಷ್ಟೇ, ಅದು ಮಾರಕವೇ ಅಲ್ಲವೇ ಎಂಬುದನ್ನು ಪಕ್ಕದ ವಿಶೇಷಣ ಹೇಳಬೇಕು. ಇನ್ನು ಸ್ಕ್ಯಾನ್ ವರದಿಗಳ ‘ರೌಮ್‌ಫೊರ್ಡೆರುಂಗ್’. ಇರಬಾರದ ಕಡೆ ಏನೋ ಜಾಗ ಹಿಡಿದಿದೆ ಎಂಬುದಕ್ಕಿಂತ ಹೆಚ್ಚೇನನ್ನೂ ಈ ಪದ ಹೇಳುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಮಾಸ್’. ಅಲ್ಲಿ ‘ಟ್ಯೂಮರ್’ ಎಂದು ಬರೆದರೆ ರೇಡಿಯಾಲಜಿಸ್ಟ್ ಮಾಡದ ರೋಗನಿರ್ಣಯವನ್ನು ನೀವು ಮಾಡಿದಂತಾಯಿತು.

ಸಾಲಿನ ಪಕ್ಕ ಐಸಿಡಿ ಸಂಕೇತ (ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಸಂಖ್ಯೆ) ಇದ್ದರೆ ಸ್ವಂತ ಅನುವಾದ ಬೇಡವೇ ಬೇಡ. ಸಿ50 ಸಂಕೇತದ ಶೀರ್ಷಿಕೆ ಜರ್ಮನ್‌ನಲ್ಲಿ ‘ಬ್ಯೋಸಾರ್ಟಿಗೆ ನೊಯ್‌ಬಿಲ್ಡುಂಗ್ ಡೆರ್ ಬ್ರುಸ್ಟ್‌ಡ್ರ್ಯೂಸೆ’, ಇಂಗ್ಲಿಷ್‌ನಲ್ಲಿ ‘ಮ್ಯಾಲಿಗ್ನಂಟ್ ನಿಯೋಪ್ಲಾಸಂ ಆಫ್ ಬ್ರೆಸ್ಟ್’. ಆಯಾ ಭಾಷೆಯ ಅಧಿಕೃತ ಪಟ್ಟಿಯಲ್ಲಿರುವುದನ್ನೇ ಎತ್ತಿ ಇಡಿ. ಜರ್ಮನಿಯ ಪರಿಷ್ಕೃತ ಪಟ್ಟಿಯ ಹೆಸರು ಐಸಿಡಿ-10-ಜಿಎಂ, ಈಗ ಅದನ್ನು ಪ್ರಕಟಿಸುವುದು ಬಿಎಫ್‌ಎಆರ್‌ಎಂ ಎಂಬ ಕೇಂದ್ರ ಔಷಧ ಸಂಸ್ಥೆ. ಜರ್ಮನಿಯ ಹೊರರೋಗಿ ದಾಖಲೆಗಳಲ್ಲಿ ಈ ಸಂಕೇತದ ಬಾಲಕ್ಕೆ ಇನ್ನೊಂದು ಅಕ್ಷರ ಅಂಟಿರುತ್ತದೆ: ಜಿ ಅಂದರೆ ಖಚಿತ, ವಿ ಅಂದರೆ ಸಂಶಯ, ಝಡ್ ಅಂದರೆ ಹಿಂದೆ ಇತ್ತು, ಈಗ ರೋಗಲಕ್ಷಣ ಇಲ್ಲ, ಎ ಅಂದರೆ ಇಲ್ಲವೆಂದು ತಳ್ಳಿಹಾಕಿದೆ. ‘ಸಿ50.9 ಎ’ ಎಂದು ಬರೆದಿದ್ದರೆ ಆ ವ್ಯಕ್ತಿಗೆ ಸ್ತನ ಕ್ಯಾನ್ಸರ್ ಇಲ್ಲವೆಂದು ತೀರ್ಮಾನವಾಗಿದೆ. ಎ ಅಕ್ಷರವನ್ನು ಮುದ್ರಣದ ಕಸವೆಂದು ಬಿಟ್ಟರೆ ಅನುವಾದದಲ್ಲಿ ಅವರಿಗೆ ಕ್ಯಾನ್ಸರ್ ಬಂದಿರುತ್ತದೆ. ಈ ಅಕ್ಷರಗಳನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಚೌಕಾವರಣದೊಳಗೆ ಅರ್ಥ ಬಿಡಿಸಿ. ಇಂಗ್ಲಿಷ್ ಓದುಗರಿಗೆ ಈ ಪದ್ಧತಿಯ ಪರಿಚಯ ಇರುವುದಿಲ್ಲ.

ಅಂಗಗಳ ಹೆಸರುಗಳಲ್ಲಿ ‘ಬ್ರುಸ್ಟ್’ ಕಡೆಗೆ ಹೆಚ್ಚು ಗಮನ ಬೇಕು. ಅದು ಸ್ತನವೂ ಹೌದು, ಎದೆಯೂ ಹೌದು. ‘ಬ್ರುಸ್ಟ್‌ಕ್ರೇಬ್ಸ್’ ಸ್ತನದ್ದು, ‘ಬ್ರುಸ್ಟ್‌ಶ್ಮೆರ್ಟ್ಸೆನ್’ ಸಾಮಾನ್ಯವಾಗಿ ಎದೆನೋವು, ‘ಬ್ರುಸ್ಟ್‌ವಾಂಡ್’ ಎದೆಗೂಡಿನ ಗೋಡೆ. ಸಂದೇಹ ಬಂದಾಗ ಅದೇ ವರದಿಯಲ್ಲಿ ‘ಮಾಮಾ’ ಅಥವಾ ‘ಥೋರಾಕ್ಸ್’ ಎಂಬ ಲ್ಯಾಟಿನ್ ಪದ ಎಲ್ಲಾದರೂ ಇದೆಯೇ ನೋಡಿ, ಅದೇ ಉತ್ತರ ಹೇಳುತ್ತದೆ. ‘ಹಾಲ್ಸ್’ ಕೂಡ ಇದೇ ಜಾತಿ, ಕುತ್ತಿಗೆಯೂ ಗಂಟಲೂ ಎರಡೂ ಅದೇ. ಬೆನ್ನುಮೂಳೆಯ ಎಣಿಕೆಗೆ ಜರ್ಮನ್ನರದು ಬೇರೆ ಸಂಕ್ಷೇಪ: ಬಿಡಬ್ಲ್ಯೂಕೆ 8 ಇಂಗ್ಲಿಷ್‌ನಲ್ಲಿ ಟಿ8, ಎಲ್‌ಡಬ್ಲ್ಯೂಕೆ 1 ಇಂಗ್ಲಿಷ್‌ನಲ್ಲಿ ಎಲ್1, ಎಚ್‌ಡಬ್ಲ್ಯೂಕೆ 5 ಇಂಗ್ಲಿಷ್‌ನಲ್ಲಿ ಸಿ5. ಈ ಎಲ್1 ಅನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಮತ್ತೆ ಎದುರಾಗುತ್ತದೆ.

ರೋಗದ ಹೆಸರುಗಳಲ್ಲಿ ಕಣ್ಣುಕಟ್ಟು ಮಾಡುವವು ಕೆಲವೇ, ಆದರೆ ಒಂದೊಂದೂ ಗಂಭೀರ. ಜರ್ಮನ್ ವೈದ್ಯರು ‘ಪ್ಲಾಸ್ಮೊಟ್ಸ್ಯುಟೋಮ್’ ಎಂದು ಬರೆದಾಗ ಬಹಳ ಸಲ ಅವರ ಮನಸ್ಸಿನಲ್ಲಿರುವುದು ಮಲ್ಟಿಪಲ್ ಮೈಲೋಮಾ, ಅಂದರೆ ಅಸ್ಥಿಮಜ್ಜೆಯ ಒಂದು ಕ್ಯಾನ್ಸರ್. ಇಂಗ್ಲಿಷ್‌ನ ‘ಪ್ಲಾಸ್ಮಸೈಟೋಮಾ’ ಒಂದೇ ಕಡೆ ಇರುವ ಒಂಟಿ ಗಡ್ಡೆ. ಚಿಕಿತ್ಸೆಯೂ ಮುಂದಿನ ದಾರಿಯೂ ಎರಡಕ್ಕೂ ಬೇರೆ. ವರದಿಯಲ್ಲಿ ಅಸ್ಥಿಮಜ್ಜೆಯ ಫಲಿತಾಂಶವೋ ಹಲವು ಮೂಳೆಗಳಲ್ಲಿ ಸವೆತವೋ ಕಂಡರೆ ಮೈಲೋಮಾ ಎಂದೇ ಅನುಮಾನಿಸಿ, ಗ್ರಾಹಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ‘ಲ್ಯುಂಫಾಟಿಶೆ ಲೊಯ್ಕೆಮೀ’ ನೋಡಿ ಇಂಗ್ಲಿಷ್‌ನಲ್ಲಿ ‘ಲಿಂಫ್ಯಾಟಿಕ್’ ಎಂದು ಬರೆಯುವುದು ಹೊಸಬರ ಗುರುತು. ‘ಆಕೂಟೆ’ ಜೊತೆಗಿದ್ದರೆ ‘ಲಿಂಫೋಬ್ಲಾಸ್ಟಿಕ್’, ‘ಕ್ರೋನಿಶೆ’ ಜೊತೆಗಿದ್ದರೆ ‘ಲಿಂಫೋಸಿಟಿಕ್’. ಚರ್ಮದ ಕ್ಯಾನ್ಸರ್‌ಗೆ ಜರ್ಮನ್ನರು ಬಣ್ಣ ಹಚ್ಚುತ್ತಾರೆ. ‘ಶ್ವಾರ್ಟ್ಸರ್ ಹೌಟ್‌ಕ್ರೇಬ್ಸ್’ ಮೆಲನೋಮಾ, ‘ವೈಸರ್ ಹೌಟ್‌ಕ್ರೇಬ್ಸ್’ ಬೇಸಲ್ ಸೆಲ್ ಮತ್ತು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾಗಳು ಸೇರಿದ ಗುಂಪು. ಕಪ್ಪು ಬಿಳುಪನ್ನು ಹಾಗೇ ಇಂಗ್ಲಿಷ್‌ಗೆ ತಂದರೆ ರೋಗಿಯ ಚರ್ಮದ ಬಣ್ಣದ ಮಾತೆಂದು ಓದುಗರು ತಿಳಿಯುತ್ತಾರೆ. ಹಳೆಯ ಕಡತಗಳಲ್ಲಿ ‘ಬಾಸಾಲಿಯೋಮ್’, ‘ಸ್ಪಿನಾಲಿಯೋಮ್’, ಮೂತ್ರಪಿಂಡದ ‘ಹ್ಯುಪರ್‌ನೆಫ್ರೋಮ್’ ಸಿಗುತ್ತವೆ. ಇವಕ್ಕೆ ಕ್ರಮವಾಗಿ ಬೇಸಲ್ ಸೆಲ್, ಚರ್ಮದ ಸ್ಕ್ವೇಮಸ್ ಸೆಲ್, ರೀನಲ್ ಸೆಲ್ ಕಾರ್ಸಿನೋಮಾ ಎಂದು ಬರೆಯಬಹುದು.

ಚಿಕಿತ್ಸೆ, ಪರೀಕ್ಷೆಗಳ ಕಡೆಗೆ ಬಂದರೆ ಬಲೆಗಳು ಇನ್ನೂ ದಟ್ಟ. ‘ಆಬ್ಲಾಟ್ಸಿಯೊ ಮಾಮೆ’ ಎಂದರೆ ಇಡೀ ಸ್ತನವನ್ನು ತೆಗೆಯುವ ಶಸ್ತ್ರಚಿಕಿತ್ಸೆ, ಮ್ಯಾಸ್ಟೆಕ್ಟಮಿ. ಇಂಗ್ಲಿಷ್‌ನ ‘ಅಬ್ಲೇಶನ್’ ಈ ದಿನಗಳಲ್ಲಿ ಸೂಜಿ ಚುಚ್ಚಿ ಶಾಖದಿಂದಲೋ ಶೀತದಿಂದಲೋ ಗಡ್ಡೆ ನಾಶಮಾಡುವುದಕ್ಕೆ ಬಳಕೆ. ‘ಶ್ಟಾಂಟ್ಸ್‌ಬಿಯೊಪ್ಸೀ’ ಇನ್ನೂ ನಾಜೂಕು. ಸ್ತನದಿಂದಲೋ ಪ್ರೊಸ್ಟೇಟ್‌ನಿಂದಲೋ ತೆಗೆದಿದ್ದರೆ ‘ಕೋರ್ ನೀಡಲ್ ಬಯಾಪ್ಸಿ’, ಚರ್ಮದಿಂದ ತೆಗೆದಿದ್ದರೆ ‘ಪಂಚ್ ಬಯಾಪ್ಸಿ’. ಪದ ಒಂದೇ, ಅಂಗ ನೋಡಿ ತೀರ್ಮಾನಿಸಬೇಕು. ಇಂಥ ಪದಗಳಿಗಾಗಿಯೇ ಪದಪಟ್ಟಿಯಲ್ಲಿ ಅಂಗಕ್ಕೆ ಬೇರೆ ಕಾಲಂ ಬೇಕಾಗುವುದು. ‘ಶ್ನೆಲ್‌ಶ್ನಿಟ್’ ಎಂದರೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು ನೋಡುವುದು, ‘ಫ್ರೋಜನ್ ಸೆಕ್ಷನ್’. ‘ಡಾರ್ಮ್‌ಶ್ಪೀಗೆಲುಂಗ್’ ಕೊಲನೊಸ್ಕೊಪಿ.

‘ಟ್ಸ್ಯುಟೊಶ್ಟಾಟಿಕಾ’ ಜರ್ಮನ್‌ನಲ್ಲಿ ಕಿಮೋ ಔಷಧಗಳಿಗೆ ಒಟ್ಟಾರೆ ಹೆಸರು. ಇಂಗ್ಲಿಷ್‌ನಲ್ಲಿ ‘ಸೈಟೊಸ್ಟಾಟಿಕ್’ ಎಂದರೆ ಜೀವಕೋಶದ ಬೆಳವಣಿಗೆಯನ್ನು ತಡೆಯುವುದು, ಕೊಲ್ಲುವುದಲ್ಲ. ಆದ್ದರಿಂದ ‘ಸೈಟೊಟಾಕ್ಸಿಕ್’ ಎಂದು ಬರೆಯಿರಿ. ‘ಶ್ಟಾಟ್ಸಿಯೊನೇರ್’ ಎಂದರೆ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದ ಚಿಕಿತ್ಸೆ, ‘ಆಂಬುಲಾಂಟ್’ ಎಂದರೆ ಹೊರರೋಗಿಯಾಗಿ. ‘ಆಂಬುಲಾಂಟ್ಸ್’ ಬಹಳ ಕಡೆ ಹೊರರೋಗಿ ವಿಭಾಗ, ಸೈರನ್ ಹಾಕಿ ಓಡುವ ಗಾಡಿಯಲ್ಲ. ‘ಕೂರ್’ ಚಿಕಿತ್ಸೆಯ ನಂತರ ಚೇತರಿಕೆಗೆಂದು ಕೆಲವು ವಾರ ಇರಲು ಹೋಗುವುದು. ಅದನ್ನು ‘ಕ್ಯೂರ್’ ಮಾಡಿದರೆ ರೋಗಿ ಗುಣವಾದ ಎಂದಾಗುತ್ತದೆ. ಗುಣವಾಗುವುದಕ್ಕೆ ಜರ್ಮನ್ ಪದ ‘ಹೈಲುಂಗ್’. ‘ಕೊಂಟ್ರೊಲೆ ಇನ್ ದ್ರೈ ಮೊನಾಟೆನ್’ ಎಂದರೆ ಮೂರು ತಿಂಗಳಲ್ಲಿ ಮತ್ತೆ ಬಂದು ತೋರಿಸಿ ಎಂದಷ್ಟೇ, ರೋಗ ಹತೋಟಿಗೆ ಬರುತ್ತದೆಂಬ ಭರವಸೆ ಅದರಲ್ಲಿಲ್ಲ. ‘ಎವೆಂಟುಎಲ್’ ಎಂದರೆ ‘ಬೇಕಾದರೆ, ಆಗಬಹುದು’. ಇದು ಇಂಗ್ಲಿಷ್‌ನ ‘ಇವೆಂಚುಅಲಿ’ ಆದರೆ ‘ಬಹುಶಃ ಕಿಮೋ ಬೇಕಾಗಬಹುದು’ ಎಂಬ ಮಾತು ‘ಕೊನೆಗೆ ಕಿಮೋ ಕೊಟ್ಟೇ ಕೊಡುತ್ತಾರೆ’ ಎಂದಾಗುತ್ತದೆ. ‘ಫೋರ್‌ಸೊರ್ಗೆ’ ಜನರ ಬಾಯಲ್ಲಿ ಕ್ಯಾನ್ಸರ್ ತಪಾಸಣೆ, ರೋಗ ತಡೆಯುವ ಉಪಾಯವಲ್ಲ. ವೈದ್ಯಕೀಯ ಬರಹದಲ್ಲಿ ಸ್ಕ್ರೀನಿಂಗ್‌ಗೆ ‘ಫ್ರ್ಯೂಎರ್ಕೆನುಂಗ್’ ಬಳಸಿ. ‘ನಾಖ್‌ಸೊರ್ಗೆ’ ಚಿಕಿತ್ಸೆ ಮುಗಿದ ಮೇಲಿನ ನಿಯಮಿತ ತಪಾಸಣೆ.

ಈಗ ಸಂಕ್ಷೇಪಗಳು. ಇವಕ್ಕೆ ಪದಪಟ್ಟಿಯಲ್ಲಿ ಪ್ರತ್ಯೇಕ ಹಾಳೆಯನ್ನೇ ಇಡಿ. ‘ಇಡಿ’ ಎಂಬ ಎರಡಕ್ಷರ ಇಂಗ್ಲಿಷ್ ಆಸ್ಪತ್ರೆಯಲ್ಲಿ ತುರ್ತು ವಿಭಾಗ. ಜರ್ಮನ್ ಕ್ಯಾನ್ಸರ್ ವರದಿಯ ಮೇಲ್ಭಾಗದಲ್ಲಿ, ತಿಂಗಳು–ವರ್ಷದ ಪಕ್ಕದಲ್ಲಿ ಅದು ‘ಎರ್ಸ್ಟ್‌ಡಿಯಾಗ್ನೋಸೆ’, ಅಂದರೆ ರೋಗ ಮೊದಲು ಪತ್ತೆಯಾದದ್ದು. ಅದೇ ವರದಿಯ ವಿಕಿರಣ ಚಿಕಿತ್ಸೆಯ ಪ್ಯಾರಾದಲ್ಲಿ ‘ಐಂಟ್ಸೆಲ್‌ಡೋಸಿಸ್’, ಒಂದು ಸಲಕ್ಕೆ ಕೊಟ್ಟ ಪ್ರಮಾಣ. ಒಂದೇ ಪುಟದಲ್ಲಿ ಎರಡು ಅರ್ಥ! ‘ಪಿಇ’ ಇಂಗ್ಲಿಷ್‌ನಲ್ಲಿ ಶ್ವಾಸಕೋಶದ ರಕ್ತನಾಳ ಕಟ್ಟಿಕೊಳ್ಳುವ ಪ್ರಾಣಾಪಾಯ, ಜರ್ಮನ್‌ನಲ್ಲಿ ‘ಪ್ರೋಬೆಎಕ್ಸ್‌ಟ್ಸಿಸಿಯೋನ್’, ಪರೀಕ್ಷೆಗೆಂದು ತುಣುಕು ಕತ್ತರಿಸಿ ತೆಗೆಯುವುದು. ಜರ್ಮನ್ನರು ಆ ಪ್ರಾಣಾಪಾಯಕ್ಕೆ ‘ಎಲ್‌ಇ’ ಬರೆಯುತ್ತಾರೆ. ‘ಝಡ್.ಎನ್.’ ಎಂದರೆ ‘ಟ್ಸೂಶ್ಟಾಂಡ್ ನಾಖ್’, ಹಿಂದೆ ನಡೆದುಹೋದ ಶಸ್ತ್ರಚಿಕಿತ್ಸೆ ಅಥವಾ ರೋಗ. ‘ವಿ.ಎ.’ ಎಂದರೆ ‘ಫೆರ್ಡಾಖ್ಟ್ ಔಫ್’, ಸಂಶಯವಿದೆ. ‘ಓ.ಬಿ.’ ಎಂದರೆ ಅಸಹಜವಾದದ್ದು ಏನೂ ಕಾಣಲಿಲ್ಲ. ‘ಎಝಡ್’ ಮತ್ತು ‘ಇಝಡ್’ ರೋಗಿಯ ಒಟ್ಟು ದೇಹಸ್ಥಿತಿ ಮತ್ತು ಪೋಷಣೆಯ ಸ್ಥಿತಿ.

ಇವುಗಳ ನಡುವೆ ‘ವಿ.ಎ.’ಗೆ ಮೊದಲ ಮಣೆ ಹಾಕಬೇಕು, ಏಕೆಂದರೆ ಅದೊಂದು ಬಿಟ್ಟುಹೋದರೆ ಸಂಶಯವೇ ನಿರ್ಣಯವಾಗುತ್ತದೆ. ಖಚಿತತೆಯ ಮಟ್ಟ ಹೇಳಲು ಜರ್ಮನ್ ವರದಿಗಳಲ್ಲಿ ಒಂದು ಏಣಿಯೇ ಇದೆ. ‘ಕೈನ್ ಆನ್‌ಹಾಲ್ಟ್ ಫ್ಯೂರ್’ ಎಂದರೆ ಹಾಗೆನ್ನಲು ಆಧಾರವಿಲ್ಲ, ‘ನೋ ಎವಿಡೆನ್ಸ್ ಆಫ್’. ‘ನಿಖ್ಟ್ ಔಸ್‌ಟ್ಸುಶ್ಲೀಸೆನ್’ ತಳ್ಳಿಹಾಕಲಾಗದು. ‘ಫೆರ್‌ಐನ್‌ಬಾರ್ ಮಿಟ್’ ಅದಕ್ಕೆ ಹೊಂದಿಕೊಳ್ಳುತ್ತದೆ, ‘ಕನ್ಸಿಸ್ಟೆಂಟ್ ವಿತ್’. ‘ಆಮ್ ಏಹೆಸ್ಟೆನ್’ ಬಹುಪಾಲು ಇದೇ. ‘ಗೆಸಿಖರ್ಟ್’ ಖಚಿತ. ಪ್ರತಿ ಮೆಟ್ಟಿಲಿಗೂ ಒಂದೇ ಇಂಗ್ಲಿಷ್ ಸಮಾನ ಪದ ಗೊತ್ತುಮಾಡಿಕೊಂಡು, ಇಡೀ ಕಡತದಲ್ಲಿ ಅದನ್ನೇ ಬಳಸಿ. ಪುನರುಕ್ತಿ ತಪ್ಪಿಸಿ ಭಾಷೆಗೆ ಸೊಗಸು ತರುವ ಆಸೆಗೆ ಇಲ್ಲಿ ಜಾಗವಿಲ್ಲ. ‘ಹೋಖ್‌ಗ್ರಾಡಿಗ್’ ಎಂಬ ವಿಶೇಷಣವನ್ನೂ ಏಣಿಯ ಪಕ್ಕ ಬರೆದಿಡಿ. ಡಿಸ್‌ಪ್ಲೇಸಿಯಾ (ಜೀವಕೋಶಗಳ ಅಸಹಜ ಬೆಳವಣಿಗೆ) ಜೊತೆಗಿದ್ದರೆ ಅದು ‘ಹೈ-ಗ್ರೇಡ್’, ಸಂಶಯದ ಜೊತೆಗಿದ್ದರೆ ಬಲವಾದ ಸಂಶಯ ಅಷ್ಟೇ.

ಗಡ್ಡೆ (ಟಿ), ದುಗ್ಧಗ್ರಂಥಿ (ಎನ್), ದೂರಕ್ಕೆ ಹಬ್ಬಿದ್ದು (ಎಂ) ಇವನ್ನು ಸಂಕೇತದಲ್ಲಿ ಹೇಳುವ ಟಿಎನ್‌ಎಂ ಸಾಲನ್ನು ಮುಟ್ಟಲೇಬೇಡಿ. ಅದು ಅಂತಾರಾಷ್ಟ್ರೀಯ ಬರಹ, ಅನುವಾದವಾಗಬೇಕಾದ್ದು ಏನೂ ಇಲ್ಲ. ಆದರೆ ಓದಲು ಬರಬೇಕು, ಇಲ್ಲದಿದ್ದರೆ ಟೈಪ್ ಮಾಡುವಾಗಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಂದು ಸಾಲು ತೆಗೆದುಕೊಳ್ಳಿ:

‘ಝಡ್.ಎನ್. ಆಬ್ಲಾಟ್ಸಿಯೊ ಮಾಮೆ ಲಿಂಕ್ಸ್ ಬೈ ಇನ್ವಾಸಿಫ್-ಡುಕ್ಟಾಲೆಮ್ ಮಾಮಾಕಾರ್ಟ್ಸಿನೋಮ್, ಇಡಿ 03/2021, ಪಿಟಿ2 ಪಿಎನ್1ಎ (3/17) ಎಲ್1 ವಿ0 ಪಿಎನ್0 ಆರ್0 ಜಿ3, ಆಕ್ಟುಎಲ್ ವಿ.ಎ. ಹೆಪಾಟಿಶೆ ಫೀಲಿಯೆ.’

ಬಿಡಿಸಿದರೆ: ಎಡ ಸ್ತನದ ಮ್ಯಾಸ್ಟೆಕ್ಟಮಿ ಹಿಂದೆಯೇ ಆಗಿದೆ, ಕಾರಣ ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ, ಮೊದಲು ಪತ್ತೆಯಾದದ್ದು 2021ರ ಮಾರ್ಚ್‌ನಲ್ಲಿ. ಪಿ ಅಂದರೆ ತೆಗೆದ ಅಂಗಾಂಶವನ್ನು ಪೆಥಾಲಜಿಸ್ಟ್ ನೋಡಿ ಹೇಳಿದ್ದು. ಸಿ ಇದ್ದಿದ್ದರೆ ತಪಾಸಣೆ, ಸ್ಕ್ಯಾನ್‌ಗಳಿಂದ ಹೇಳಿದ್ದು. ವೈಪಿ ಇದ್ದಿದ್ದರೆ ಕಿಮೋ ಮುಂತಾದ ಚಿಕಿತ್ಸೆ ಮೊದಲೇ ಕೊಟ್ಟು ಆಮೇಲೆ ಕೊಯ್ದು ನೋಡಿದ್ದು. ಕಂಸದೊಳಗಿನ 3/17 ಎಂದರೆ ಪರೀಕ್ಷಿಸಿದ 17 ದುಗ್ಧಗ್ರಂಥಿಗಳಲ್ಲಿ 3ರಲ್ಲಿ ಕ್ಯಾನ್ಸರ್. ಇದನ್ನು ತಾರೀಖೆಂದು ಭಾವಿಸಿ ತಿದ್ದುವ ಸಾಫ್ಟ್‌ವೇರ್‌ಗಳಿವೆ, ಸ್ವಯಂ ತಿದ್ದುಪಡಿಯನ್ನು ಆರಿಸಿಟ್ಟೇ ಕೆಲಸ ಶುರು ಮಾಡಿ. ಎಲ್1 ಇಲ್ಲಿ ದುಗ್ಧನಾಳಗಳೊಳಗೆ ನುಗ್ಗಿದೆ ಎಂಬುದರ ಗುರುತು, ಸೊಂಟದ ಮೊದಲ ಕಶೇರುವಲ್ಲ. ವಿ0 ಎಂದರೆ ಅಭಿಧಮನಿಗಳಿಗೆ ನುಗ್ಗಿಲ್ಲ. ಐಸಿಡಿ ಬಾಲದ ವಿಗೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ಪಿಎನ್0 ನರದ ಸುತ್ತ ಹಬ್ಬಿಲ್ಲ ಎನ್ನುವುದು. ಮೂಲದಲ್ಲಿ ಗ್ರಂಥಿಯ ಪಿಎನ್‌ಗೆ ಸಣ್ಣ ಪಿ ದೊಡ್ಡ ಎನ್, ನರದ ಪಿಎನ್‌ಗೆ ದೊಡ್ಡ ಪಿ ಸಣ್ಣ ಎನ್ ಇರುತ್ತದೆ. ಅಕ್ಷರದ ಗಾತ್ರ ಬದಲಾದರೆ ಅರ್ಥವೇ ಬದಲು. ಆರ್0 ಎಂದರೆ ಗಡ್ಡೆ ಉಳಿದಿಲ್ಲ. ಇದನ್ನೇ ಜರ್ಮನ್ ಪೆಥಾಲಜಿಸ್ಟ್ ಮಾತಿನಲ್ಲಿ ‘ಇಮ್ ಗೆಸುಂಡೆನ್’ ತೆಗೆದಿದೆ ಎನ್ನುತ್ತಾರೆ, ಇಂಗ್ಲಿಷ್‌ನಲ್ಲಿ ‘ಕ್ಲಿಯರ್ ಮಾರ್ಜಿನ್ಸ್’. ‘ಫೀಲಿಯೆ’ ಎಂದರೆ ಲ್ಯಾಟಿನ್‌ನಲ್ಲಿ ಹೆಣ್ಣುಮಕ್ಕಳು, ಇಲ್ಲಿ ಮೆಟಾಸ್ಟಾಸಿಸ್, ಅಂದರೆ ಬೇರೆ ಅಂಗಕ್ಕೆ ಹಬ್ಬಿದ ಗಡ್ಡೆ. ‘ಆಕ್ಟುಎಲ್’ ಎಂದರೆ ‘ಸದ್ಯ’, ‘ನಿಜವಾಗಿ’ ಅಲ್ಲ. ಕೊನೆಗೆ ಬಂದದ್ದು: ಈಗ ಯಕೃತ್ತಿಗೆ ಹಬ್ಬಿರುವ ಸಂಶಯವಿದೆ. ಅದನ್ನು ‘ಲಿವರ್ ಕ್ಯಾನ್ಸರ್’ ಎಂದು ಬರೆಯುವಂತಿಲ್ಲ, ಅದು ಯಕೃತ್ತಿಗೆ ಹಬ್ಬಿದ ಸ್ತನ ಕ್ಯಾನ್ಸರ್, ಅದೂ ಇನ್ನೂ ಸಂಶಯದ ಹಂತದಲ್ಲಿದೆ.

ಈ ಸಾಲಿನ ‘ಇನ್ವಾಸಿಫ್-ಡುಕ್ಟಾಲ್’ ಹಳೆಯ ಹೆಸರು, ಈಗ ‘ಎನ್‌ಎಸ್‌ಟಿ’ (ನೋ ಸ್ಪೆಷಲ್ ಟೈಪ್) ಎನ್ನುತ್ತಾರೆ ಎಂದು ನಿಮಗೆ ಗೊತ್ತಿರಬಹುದು. ಆದರೂ ಬದಲಿಸಬೇಡಿ. ವರದಿಯನ್ನು ಇಂದಿನದಾಗಿಸುವುದು ನಿಮ್ಮ ಕೆಲಸವಲ್ಲ. ಹಾರ್ಮೋನ್ ರಿಸೆಪ್ಟರ್ ಅಂಕಗಳಿಗೂ ಇದೇ ಮಾತು. ಜರ್ಮನ್ ಪ್ರಯೋಗಾಲಯಗಳ ‘ಐಆರ್‌ಎಸ್’ 0ಯಿಂದ 12ರವರೆಗಿನ ಅಂಕ, ಇಂಗ್ಲಿಷ್ ವರದಿಗಳಲ್ಲಿ ಹೆಚ್ಚಾಗಿ ಕಾಣುವ ಆಲ್‌ರೆಡ್ ಅಂಕ 8ಕ್ಕೆ ಮುಗಿಯುತ್ತದೆ. ಐಆರ್‌ಎಸ್ 8 ಇದ್ದರೆ 12ರಲ್ಲಿ 8 ಎಂದು ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಅದು ಪೂರ್ಣ ಅಂಕವೆಂದು ಓದಿಕೊಳ್ಳುವ ಅಪಾಯವಿದೆ.

ಅಂಕಿಗಳಲ್ಲಿ ಮೊದಲ ಶತ್ರು ಅಲ್ಪವಿರಾಮ. ಜರ್ಮನ್‌ನಲ್ಲಿ 1,8 ಅಂದರೆ ಇಂಗ್ಲಿಷ್‌ನ 1.8, ಜರ್ಮನ್‌ನ 1.500 ಅಂದರೆ ಸಾವಿರದ ಐನೂರು. ‘ಜಿಡಿ 50,4 ಗ್ರೇ, ಇಡಿ 1,8 ಗ್ರೇ’ ಎಂದಿದ್ದರೆ ಒಟ್ಟು ಪ್ರಮಾಣವನ್ನು ಒಂದು ಸಲದ ಪ್ರಮಾಣದಿಂದ ಭಾಗಿಸಿ ನೋಡಿ. 28 ಬರುತ್ತದೆ, ಅಷ್ಟು ಸಲ ವಿಕಿರಣ ಕೊಟ್ಟಿದ್ದಾರೆ. ಭಾಗಾಕಾರದಲ್ಲಿ ಪೂರ್ಣಾಂಕ ಬರದಿದ್ದರೆ ಎಲ್ಲೋ ಅಲ್ಪವಿರಾಮ ಜಾರಿರಬಹುದು. ಜರ್ಮನ್‌ನ ‘ಮಿಲಿಯಾರ್ಡೆ’ ಇಂಗ್ಲಿಷ್‌ನ ಬಿಲಿಯನ್, ಜರ್ಮನ್‌ನ ‘ಬಿಲಿಯೋನ್’ ಇಂಗ್ಲಿಷ್‌ನ ಟ್ರಿಲಿಯನ್.

ರಕ್ತಪರೀಕ್ಷೆಯಲ್ಲಿ ಮಾನದ ಹೆಸರು ಬಿಡುವಂತಿಲ್ಲ. ಕೆಲವು ಜರ್ಮನ್ ಪ್ರಯೋಗಾಲಯಗಳು ಹಿಮೊಗ್ಲೋಬಿನ್ ಅನ್ನು ಲೀಟರಿಗೆ ಮಿಲಿಮೋಲ್‌ನಲ್ಲಿ ಕೊಡುತ್ತವೆ. ಆ ಲೆಕ್ಕದ 8,1 ಎಂದರೆ ಡೆಸಿಲೀಟರಿಗೆ ಸುಮಾರು 13 ಗ್ರಾಂ, ಆರೋಗ್ಯವಂತ ಮಹಿಳೆಯರ ಮಟ್ಟ. ಮಾನ ಬಿಟ್ಟುಹೋಗಿ ಬರೀ 8.1 ಉಳಿದರೆ ಇಂಗ್ಲಿಷ್ ಓದುವ ವೈದ್ಯರು ಅದನ್ನು ಗ್ರಾಂ ಎಂದುಕೊಂಡು ರಕ್ತಹೀನತೆ ಎಂದು ತಿಳಿಯುತ್ತಾರೆ. ಪರಿವರ್ತನೆಯನ್ನು ನೀವಾಗಿ ಮಾಡಬೇಡಿ. ಗ್ರಾಹಕರು ಕೇಳಿದರೆ ಮೂಲದ ಅಂಕಿಯನ್ನು ಉಳಿಸಿ, ಪಕ್ಕದಲ್ಲಿ ಚೌಕಾವರಣದೊಳಗೆ ಹಾಕಿ. ಕಿಮೋ ಸಾಲಿನ ‘ಕೆಓಎಫ್’ ದೇಹದ ಮೇಲ್ಮೈ ವಿಸ್ತೀರ್ಣ, ಇಂಗ್ಲಿಷ್‌ನ ‘ಬಿಎಸ್‌ಎ’. ‘22ನೇ ದಿನ ಮರುಕಳಿಕೆ’ ಎಂದರೆ ಸೈಕಲ್ 21 ದಿನದ್ದು. ಇಲ್ಲಿ ಮರುಕಳಿಸುವುದು ಚಿಕಿತ್ಸೆ, ರೋಗವಲ್ಲ.

ರೋಗ ಮರುಕಳಿಸುವುದಕ್ಕೆ ಜರ್ಮನ್‌ನಲ್ಲಿ ‘ರೆಟ್ಸಿಡೀಫ್’ ಒಂದೇ ಸಾಕು. ಇಂಗ್ಲಿಷ್‌ನಲ್ಲಿ ಗಟ್ಟಿ ಗಡ್ಡೆಗಳಿಗೆ ಸಾಮಾನ್ಯವಾಗಿ ‘ರಿಕರೆನ್ಸ್’, ರಕ್ತದ ಕ್ಯಾನ್ಸರ್‌ಗಳಿಗೆ ‘ರಿಲ್ಯಾಪ್ಸ್’. ಗಡ್ಡೆ ಕುಗ್ಗಿದ್ದಕ್ಕೆ ಇಂಗ್ಲಿಷ್‌ನವರು ‘ಪಾರ್ಷಿಯಲ್ ರೆಸ್ಪಾನ್ಸ್’ ಎಂದರೆ ಜರ್ಮನ್ ವರದಿಯಲ್ಲಿ ‘ಪಾರ್ಟ್ಸಿಯೆಲೆ ರೆಮಿಸಿಯೋನ್’ ಇರುವುದುಂಟು. ಎರಡಕ್ಕೂ ಸಂಕ್ಷೇಪ ‘ಪಿಆರ್’, ಹಾಗಾಗಿ ಗೊಂದಲ ಕಡಿಮೆ. ಔಷಧ ಪ್ರಯೋಗದ ಕಡತಗಳಲ್ಲಿ ‘ಸೀರಿಯಸ್’ ಮತ್ತು ‘ಸಿವಿಯರ್’ ಬೇರೆ ಬೇರೆ ಪಾರಿಭಾಷಿಕಗಳು. ಸಾವು, ಪ್ರಾಣಾಪಾಯ, ಆಸ್ಪತ್ರೆ ಸೇರುವಿಕೆ ಮುಂತಾದ ಪರಿಣಾಮಗಳಿಂದ ಗೊತ್ತಾಗುವುದು ‘ಸೀರಿಯಸ್’, ಅದಕ್ಕೆ ‘ಶ್ವೇರ್‌ವೀಗೆಂಡ್’. ತೊಂದರೆಯ ತೀವ್ರತೆ ಹೇಳುವುದು ‘ಸಿವಿಯರ್’, ಅದಕ್ಕೆ ‘ಶ್ವೇರ್’. ತೀವ್ರ ವಾಂತಿ ‘ಸಿವಿಯರ್’ ಆಗಿದ್ದೂ ‘ಸೀರಿಯಸ್’ ಆಗದೇ ಇರಬಹುದು. ಅದಲುಬದಲಾದರೆ ಕಂಪನಿ ಅಧಿಕಾರಿಗಳಿಗೆ ವರದಿ ಮಾಡಬೇಕಾದ ಗಡುವೇ ಬದಲಾಗುತ್ತದೆ.

ಪದಪಟ್ಟಿಗೆ ಪದ ಎಲ್ಲಿಂದ ತರುವುದು ಎಂದು ಕೇಳಿದ್ದೀರಿ. ನನ್ನ ಮೊದಲ ಶಿಫಾರಸು ಯುರೋಪಿಯನ್ ಔಷಧ ಸಂಸ್ಥೆ ಇಎಂಎಯ ಔಷಧ ಮಾಹಿತಿ ಕಡತಗಳು. ಒಂದೇ ಕಡತ ಇಂಗ್ಲಿಷ್‌ನಲ್ಲೂ ಜರ್ಮನ್‌ನಲ್ಲೂ ಉಚಿತವಾಗಿ ಸಿಗುತ್ತದೆ, ವಿಭಾಗಗಳ ಸಂಖ್ಯೆಯೂ ಒಂದೇ: 4.2 ಔಷಧದ ಪ್ರಮಾಣ ಮತ್ತು ಬಳಸುವ ಕ್ರಮ, 4.8 ಅಡ್ಡಪರಿಣಾಮಗಳು. ಒಂದು ಕ್ಯಾನ್ಸರ್ ಔಷಧವನ್ನು ಆರಿಸಿ, ಎರಡೂ ಭಾಷೆಗಳ 4.8ನೇ ಭಾಗವನ್ನು ಅಕ್ಕಪಕ್ಕ ತೆರೆದು ಸಾಲುಸಾಲಾಗಿ ಓದಿ. ಅಲ್ಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಇಂಗ್ಲಿಷ್‌ನ ‘ಅನ್‌ಕಾಮನ್’ಗೆ ಜರ್ಮನ್‌ನಲ್ಲಿ ‘ಗೆಲೇಗೆಂಟ್ಲಿಖ್’ ಎಂದಿರುತ್ತದೆ. ಬಿಡಿ ಪದವಾಗಿ ಅದರ ಅರ್ಥ ‘ಆಗೊಮ್ಮೆ ಈಗೊಮ್ಮೆ’. ಆದರೆ ಇಲ್ಲಿ ಅದು ಸಾವಿರದಲ್ಲಿ ಒಬ್ಬರಿಂದ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಎಂಬ ನಿಗದಿತ ಪ್ರಮಾಣ. ನಿಘಂಟು ನಂಬಿ ಬೇರೆ ಪದ ಹಾಕಿದರೆ ಆ ಲೆಕ್ಕವೇ ಕಳಚಿಹೋಗುತ್ತದೆ.

ಜರ್ಮನ್ ವೈದ್ಯರ ಬರವಣಿಗೆಗೆ ‘ಲೈಟ್‌ಲೀನಿಯೆನ್‌ಪ್ರೋಗ್ರಾಮ್ ಓಂಕೊಲೊಗೀ’ (ಕ್ಯಾನ್ಸರ್ ಮಾರ್ಗಸೂಚಿ ಕಾರ್ಯಕ್ರಮ) ಹೊರತರುವ ಎಸ್3, ಅಂದರೆ ಅತ್ಯುನ್ನತ ದರ್ಜೆಯ, ಮಾರ್ಗಸೂಚಿಗಳು ಮಾದರಿ. ಹಲವಕ್ಕೆ ರೋಗಿಗಳಿಗೆಂದೇ ಬರೆದ ಆವೃತ್ತಿಯೂ ಇದೆ. ಒಂದೇ ವಿಷಯ ವೈದ್ಯರ ಭಾಷೆಯಲ್ಲಿ, ಜನರ ಭಾಷೆಯಲ್ಲಿ ಹೇಗಿರುತ್ತದೆ ಎಂದು ಹೋಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಹೈಡೆಲ್‌ಬರ್ಗ್‌ನ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರ ನಡೆಸುವ ‘ಕ್ರೇಬ್ಸ್‌ಇನ್‌ಫೊರ್ಮಾಟ್ಸಿಯೋನ್ಸ್‌ಡೀನ್ಸ್ಟ್’ ರೋಗಿಗಳಿಗೆ ಬರೆಯುವ ಜರ್ಮನ್‌ಗೆ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಎನ್‌ಸಿಐಯ ಕ್ಯಾನ್ಸರ್ ಪದಕೋಶ ಸರಳ ಇಂಗ್ಲಿಷ್‌ಗೆ. ಸಾಮಾನ್ಯ ದ್ವಿಭಾಷಾ ನಿಘಂಟುಗಳನ್ನು ಸುಳಿವಿಗೆ ಮಾತ್ರ ನೋಡಿ. ಅಲ್ಲಿ ಸಿಕ್ಕ ಪದ ಮೂಲ ಭಾಷಿಕರ ವೈದ್ಯಕೀಯ ಬರಹದಲ್ಲಿ ಕಾಣಿಸುವವರೆಗೆ ಅದು ಪಟ್ಟಿಗೆ ಸೇರದಿರಲಿ.

ಪಟ್ಟಿಯಲ್ಲಿ ಏಳು ಕಾಲಂ ಸಾಕು: ಜರ್ಮನ್‌ನಲ್ಲಿ ವೈದ್ಯರ ಪದ, ಜರ್ಮನ್‌ನಲ್ಲಿ ಜನರ ಪದ, ಇಂಗ್ಲಿಷ್ ಪದ, ಅಂಗ, ಎಲ್ಲಿ ಸಿಕ್ಕಿತು, ಬ್ರಿಟಿಷ್–ಅಮೆರಿಕನ್ ವ್ಯತ್ಯಾಸ, ಮತ್ತು ‘ಇದಲ್ಲ’. ಕೊನೆಯ ಕಾಲಂನಲ್ಲಿ ಹಾಕಬಾರದ ಪದ ಬರೆಯಿರಿ. ‘ಆಬ್ಲಾಟ್ಸಿಯೊ’ ಮುಂದೆ ‘ಅಬ್ಲೇಶನ್ ಅಲ್ಲ’ ಎಂದು. ರಾತ್ರಿ ಹತ್ತಕ್ಕೆ ಗಡುವು ಹತ್ತಿರ ಬಂದಾಗ ಕಾಪಾಡುವುದು ಅದೇ ಕಾಲಂ. ಬ್ರಿಟಿಷ್–ಅಮೆರಿಕನ್ ಕಾಲಂ ಬರೀ ಕಾಗುಣಿತಕ್ಕಲ್ಲ. ಜರ್ಮನ್‌ನ ‘ಟೂಮೊರ್‌ಕೊನ್ಫೆರೆಂಟ್ಸ್’ ಅಮೆರಿಕದಲ್ಲಿ ‘ಟ್ಯೂಮರ್ ಬೋರ್ಡ್’, ಬ್ರಿಟನ್‌ನಲ್ಲಿ ‘ಎಂಡಿಟಿ ಮೀಟಿಂಗ್’. ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್.

ಅನುವಾದ ಮುಗಿದ ಮೇಲೆ ನಾಲ್ಕು ಸುತ್ತು ಓದಬೇಕು, ಒಂದೊಂದು ಸುತ್ತಿಗೆ ಒಂದೇ ಕೆಲಸ. ಮೊದಲು ಅಂಕಿ, ಮಾನ, ತಾರೀಖು. ಜರ್ಮನ್‌ನ 03.04.2023 ಏಪ್ರಿಲ್ 3. ಅಮೆರಿಕನ್ ಓದುಗರಿಗಾದರೆ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಎರಡನೆಯದು ಎಡ–ಬಲ. ಮೂರನೆಯದು ನಿಷೇಧ ಮತ್ತು ಸಂಶಯ: ಮೂಲದ ಪ್ರತಿ ‘ಕೈನ್’, ‘ನಿಖ್ಟ್’, ‘ವಿ.ಎ.’ಗೂ ಅನುವಾದದಲ್ಲಿ ಜೊತೆ ಇದೆಯೇ ಎಂದು ಬೆರಳಿಟ್ಟು ಎಣಿಸಿ. ನಾಲ್ಕನೆಯ ಸುತ್ತಿನಲ್ಲಿ ಮಾತ್ರ ಭಾಷೆ ನೋಡಿ. ಯಂತ್ರಾನುವಾದ ಬಳಸುವವರಾದರೆ ಮೂರನೆಯ ಸುತ್ತು ಎರಡು ಸಲ ಮಾಡಿ, ಯಂತ್ರದ ವಾಕ್ಯ ಸರಾಗವಾಗಿರುವುದರಿಂದಲೇ ಬಿಟ್ಟುಹೋದ ಸಣ್ಣ ಪದ ಕಣ್ಣಿಗೆ ಬೀಳುವುದಿಲ್ಲ. ಆನ್‌ಲೈನ್ ಸೇವೆಯೊಂದಕ್ಕೆ ರೋಗಿಯ ಹೆಸರು, ಜನ್ಮದಿನ ಇರುವ ವರದಿಯನ್ನು ಹಾಕುವ ಮೊದಲು ಏಜೆನ್ಸಿಯ ಲಿಖಿತ ಒಪ್ಪಿಗೆ ಇದೆಯೇ ನೋಡಿಕೊಳ್ಳಿ.

ಮಾಹಿತಿ ಹಾಳೆಗಳ ಜೊತೆ ಕೆಲವೊಮ್ಮೆ ಜೀವನ ಗುಣಮಟ್ಟದ ಪ್ರಶ್ನಾವಳಿ ಬರುತ್ತದೆ, ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಘಟನೆ ಇಓಆರ್‌ಟಿಸಿಯ 30 ಪ್ರಶ್ನೆಗಳ ಕ್ಯೂಎಲ್‌ಕ್ಯೂ-ಸಿ30 ಥರದ್ದು. ಅದನ್ನು ಅನುವಾದಿಸಲು ಒಪ್ಪಿಕೊಳ್ಳಬೇಡಿ. ಪರೀಕ್ಷಿಸಿ ಅಂಗೀಕರಿಸಿದ ಜರ್ಮನ್ ಆವೃತ್ತಿ ಅದಕ್ಕೆ ಆಗಲೇ ಇದೆ, ಹೊಸ ಅನುವಾದದಲ್ಲಿ ಬಂದ ಉತ್ತರಗಳನ್ನು ಉಳಿದ ಉತ್ತರಗಳ ಜೊತೆ ಹೋಲಿಸಲು ಬರುವುದಿಲ್ಲ. ಅಧಿಕೃತ ಪ್ರತಿ ತರಿಸಿಕೊಳ್ಳುವಂತೆ ಏಜೆನ್ಸಿಗೆ ಹೇಳಿ.

ಇಷ್ಟಾದ ಮೇಲೂ ಬಿಡಿಸಲಾಗದ ಸಂಕ್ಷೇಪಗಳು ಉಳಿಯುತ್ತವೆ, ಆಸ್ಪತ್ರೆಯ ಒಂದು ವಿಭಾಗದವರಷ್ಟೇ ಬಳಸುವಂಥವು. ಊಹಿಸಿ ತುಂಬಬೇಡಿ. ಮೂಲದ ಅಕ್ಷರಗಳನ್ನು ಹಾಗೇ ಇಟ್ಟು, ಚೌಕಾವರಣದೊಳಗೆ ‘ಮೂಲದಂತೆ, ಅರ್ಥ ಸ್ಪಷ್ಟವಿಲ್ಲ’ ಎಂದು ಬರೆದು, ಪುಟ ಮತ್ತು ಸಾಲಿನ ಸಂಖ್ಯೆಯೊಂದಿಗೆ ಪ್ರಶ್ನೆಗಳ ಪಟ್ಟಿ ಕಳಿಸಿ. ಕೆಲಸ ಒಪ್ಪಿಸುವ ದಿನವಲ್ಲ, ಮೊದಲ ಓದು ಮುಗಿದ ದಿನವೇ ಕಳಿಸಿ. ವರದಿ ಬರೆದ ವೈದ್ಯರಿಂದ ಉತ್ತರ ತರಿಸಲು ಏಜೆನ್ಸಿಗೂ ಸಮಯ ಬೇಕು.